ಅಮ್ಮ ಬಿಡುತ್ತಿದ್ದ ಮಡಿಕೆ

ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅಮ್ಮನೂ ನಾನೂ ಒಂದೇ ಕೊಡೆಯಡಿ ಬಲ್ಮಠದ ಹಾದಿಯಲ್ಲಿ ಇಳಿಯುತ್ತಿದ್ದೆವು. ಬಾಸೆಲ್ ಮಿಶನ್‌ನ ಪಾದ್ರಿಗಳ ಮಕ್ಕಳ ಬಗ್ಗೆ ಓದಿದ್ದನ್ನು ಅವಳಿಗೆ ಹೇಳುತ್ತಿದ್ದೆ. ಸ್ವಿಟ್ಜರ್ಲೆಂಡಿನಿಂದ 1834ರಲ್ಲಿ ಮಂಗಳೂರಿಗೆ ಬಂದ ಆ ಕ್ರೈಸ್ತ ಮಿಶನ್‌ನಲ್ಲಿ ಆರರ ಆಸುಪಾಸಿನ ಮಕ್ಕಳನ್ನು ಹಡಗು ಹತ್ತಿಸಿ ಯುರೋಪಿಗೆ ಕಳಿಸುತ್ತಿದ್ದರು. 1853ರ ಹೊತ್ತಿಗೆ ಅದು ನಿಯಮವೇ ಆಯಿತು. ಅಂಥ ಪಾದ್ರಿಯೊಬ್ಬರ ಮಗಳಾಗಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಮರೀ ಗುಂಡರ್ಟ್ ತಂದೆತಾಯಿಯ ಬಳಿಗೆ ಮರಳಿದ್ದು 1857ರಲ್ಲಿ, 15ರ ಹುಡುಗಿಯಾಗಿ.

ಅಮ್ಮ ನಿಂತುಬಿಟ್ಟಳು. "ನಿನ್ನನ್ನು ಏಳಕ್ಕೇ ಕಳಿಸಿದೆವಲ್ಲ" ಅಂದಳು.

ಪಪ್ಪ ಅಮ್ಮ ಸೇವೆಗೆಂದು ಹೋಗಿದ್ದು ಸಾಹಿಬ್‌ಗಂಜ್ ಕಡೆಯ ರಾಜಮಹಲ್ ಬೆಟ್ಟಗಳಿಗೆ. ಆಗಿನ್ನೂ ಅದು ಬಿಹಾರ. ಬೆಟ್ಟದ ಮೇಲೆ ಶಾಲೆಯಿರಲಿಲ್ಲ, ಕಾಲಾ ಆಜಾರ್ ಜ್ವರವಿತ್ತು. ಅಲ್ಲಿನ ಪಹಾಡಿಯಾ ಜನರ ಮಾಲ್ತೋ ಭಾಷೆ ನಮ್ಮ ಕನ್ನಡದ ದೂರದ ನೆಂಟ. 'ನೀನು' ಅನ್ನಲು ಅವರು 'ನೀನ್' ಅನ್ನುತ್ತಾರೆ. ಪಕ್ಕದ ಮನೆಯ ಹುಡುಗಿಯ ಜೊತೆ ನಾನು ಜಗಳವಾಡಿದ್ದೂ ರಾಜಿಯಾಗಿದ್ದೂ ಅದರಲ್ಲೇ. ರಜೆಯಲ್ಲಿ ಉಡುಪಿಗೆ ಹೋದರೆ ಚರ್ಚಿನ ಮಕ್ಕಳು 'ಬಿಹಾರದವಳು' ಅನ್ನುತ್ತಿದ್ದರು. ಹಾಸ್ಟೆಲಿನಲ್ಲಿ ನಾನು 'ಮಂಗಳೂರಿನವಳು'. ಬೆಟ್ಟದಲ್ಲಿ ಮಾತ್ರ ಯಾರೂ ಊರು ಕೇಳಲಿಲ್ಲ.

ಹಾಸ್ಟೆಲಿನಲ್ಲಿ ಭಾನುವಾರ ಪತ್ರ ಬರೆಸುತ್ತಿದ್ದರು. ಅಳು ಬಂದಾಗಲೂ 'ನಾನು ಚೆನ್ನಾಗಿದ್ದೇನೆ' ಎಂದೇ ಬರೆದೆ. ಪಪ್ಪ ಅಮ್ಮನ ಕೆಲಸ ದೇವರದ್ದು, ನನ್ನ ದುಃಖದಿಂದ ಅದು ಕೆಡಬಾರದು ಎಂಬುದು ಏಳು ವರ್ಷದವಳ ಲೆಕ್ಕ. ಯಾರೂ ಹೇಳಿಕೊಟ್ಟದ್ದಲ್ಲ.

ವರ್ಷಕ್ಕೊಂದು ಸಲ ಮನೆಗೆ ಹೋದಾಗ ಅಮ್ಮ ಹೊಲಿದ ಫ್ರಾಕು ಕಾದಿರುತ್ತಿತ್ತು. ಪ್ರತಿ ಸಲವೂ ಗಿಡ್ಡ. ಅಂದು ರಾತ್ರಿಯೇ ಅಮ್ಮ ಅಂಚು ಬಿಚ್ಚಿ ಇಳಿಸುತ್ತಿದ್ದಳು. ಹಳೆಯ ಮಡಿಕೆಯ ಗೆರೆ ಮಾತ್ರ ಎಷ್ಟು ಇಸ್ತ್ರಿ ಹಾಕಿದರೂ ಹೋಗುತ್ತಿರಲಿಲ್ಲ. ನನ್ನ ಅಳತೆಯೇ ಇವಳಿಗೆ ಮರೆತುಹೋಗಿದೆ ಎಂದು ಆ ಗೆರೆಯನ್ನು ಬೆರಳಿನಿಂದ ಉಜ್ಜುತ್ತಾ ಸಂಕಟಪಟ್ಟಿದ್ದೇನೆ.

ಇಷ್ಟು ವರ್ಷಗಳ ಮೇಲೆ, ಆ ಮಳೆಯಲ್ಲಿ ಅದನ್ನು ಕೇಳಿಯೇಬಿಟ್ಟೆ.

"ಪಕ್ಕದ ಮನೆಯ ಹುಡುಗಿಯನ್ನು ನಿಲ್ಲಿಸಿ ಅಳತೆ ತೆಗೀತಿದ್ದೆ" ಅಂದಳು ಅಮ್ಮ. "ನಿನ್ನದೇ ವಯಸ್ಸು ನೋಡು. ಆದರೆ ನೀನು ಅವಳಿಗಿಂತ ಎತ್ತರವಾಗ್ತೀಯ ಅಂತ ಗೊತ್ತಿತ್ತು. ಎಷ್ಟು ಅಂತ ಗೊತ್ತಿರಲಿಲ್ಲ. ಅದಕ್ಕೇ ನಾಲ್ಕು ಬೆರಳು ಮಡಿಕೆ ಬಿಡ್ತಿದ್ದೆ. ಅಳತೆ ಕೊಡುವಾಗ ಅವಳು ಪ್ರತಿ ಸಲ ಒಂದೇ ಮಾತು ಕೇಳ್ತಿದ್ದಳು."

"ಏನಂತ?"

ಅಮ್ಮ ಅದನ್ನು ಮಾಲ್ತೋದಲ್ಲೇ ಹೇಳಿದಳು, ಆ ಹುಡುಗಿಯ ರಾಗದಲ್ಲೇ. ನಡುವಿನ 'ನೀನ್' ಒಂದು ಬಿಟ್ಟು ನನಗೇನೂ ತಿಳಿಯಲಿಲ್ಲ.

ಅರ್ಥ ಕೇಳಲಿಲ್ಲ. ಇನ್ನೊಂದು ಸಲ ಹೇಳಮ್ಮ, ಅಂದೆ.