ಸಾಂಬಾ: ಸೊಂಟಕ್ಕಿಂತ ಮೊದಲು ಮೊಣಕಾಲು

ಕಲಬುರಗಿಯಲ್ಲಿ ಸಾಂಬಾ ಕಲಿಯಬೇಕೆಂದು ಹೊರಟವರಿಗೆ ಹೆಚ್ಚಾಗಿ ಮೊಬೈಲ್ ಪರದೆಯೇ ಗುರು. ಆ ಪರದೆಯಲ್ಲಿ ಸಾಂಬಾ ಎಂದು ಹುಡುಕಿದರೆ, ಒಂದು ವಿಡಿಯೊದಲ್ಲಿ ಗರಿಗಳ ಕಿರೀಟ ತೊಟ್ಟ ನರ್ತಕಿ ಒಬ್ಬಳೇ ಕುಣಿಯುತ್ತಿರುತ್ತಾಳೆ. ಮುಂದಿನದರಲ್ಲಿ ಜೋಡಿಯೊಂದು ಕೈ ಹಿಡಿದು ಇಡೀ ಸಭಾಂಗಣವನ್ನು ಸುತ್ತುತ್ತಿರುತ್ತದೆ. ಇವೆರಡೂ ಒಂದೇ ನೃತ್ಯವೆಂದು ಭಾವಿಸಿ, ಇಲ್ಲಿಯ ಹೆಜ್ಜೆಗೆ ಅಲ್ಲಿಯ ಲೆಕ್ಕ ಹಾಕಿ ಗೊಂದಲಗೊಂಡವರೇ ಹೆಚ್ಚು.

ಒಬ್ಬರೇ ಕುಣಿಯುವುದು ‘ಸಾಂಬಾ ನೊ ಪೆ’. ಸಭಾಂಗಣದ ಜೋಡಿ ನೃತ್ಯವು ಬ್ರೆಜಿಲ್‌ನ ಸಾಂಬಾದಿಂದ ಹುಟ್ಟಿ, ಯುರೋಪಿನ ನೃತ್ಯಶಿಕ್ಷಕರ ಕೈಯಲ್ಲಿ ನಿಯಮಬದ್ಧವಾದ ಸ್ಪರ್ಧಾ ನೃತ್ಯ; ಚಾ-ಚಾ-ಚಾ, ರುಂಬಾ, ಪಾಸೊ ದೋಬ್ಲೆ ಮತ್ತು ಜೈವ್ ಅದರ ಒಡನಾಡಿಗಳು. ಬ್ರೆಜಿಲ್‌ನದೇ ಆದ ಜೋಡಿ ನೃತ್ಯ ಬೇರೆ ಇದೆ, ಅದು ‘ಸಾಂಬಾ ದೆ ಗಾಫಿಯೇರಾ’. ಜೊತೆಗಾರರನ್ನು ಹುಡುಕುವ ತಾಪತ್ರಯವಿಲ್ಲದ ಕಾರಣ ಹೊಸಬರು ಮೊದಲನೆಯದರಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಮತ್ತು ಇನ್ನು ಮುಂದೆ ಹೇಳುವುದೆಲ್ಲ ಅದರ ಕುರಿತೇ.

ಸಾಂಬಾದ ಹಳೆಯ ಬೇರು ಬ್ರೆಜಿಲ್‌ನ ಬಾಹಿಯಾ ಪ್ರಾಂತದಲ್ಲಿದೆ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ ಅಲ್ಲಿ ಕಾಪಾಡಿಕೊಂಡು ಬಂದ ‘ಸಾಂಬಾ ದೆ ರೋಡಾ’ದಲ್ಲಿ ಜನರು ವೃತ್ತಾಕಾರವಾಗಿ ನಿಂತು ಚಪ್ಪಾಳೆ ತಟ್ಟುತ್ತ ಹಾಡುತ್ತಿದ್ದರೆ, ಒಬ್ಬೊಬ್ಬರೇ ನಡುವೆ ಬಂದು, ಪಾದಗಳನ್ನು ನೆಲದಿಂದ ಹೆಚ್ಚು ಎತ್ತದೆ, ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಕುಣಿಯುತ್ತಾರೆ. 2005ರಲ್ಲಿ ಯುನೆಸ್ಕೊ ಇದಕ್ಕೆ ಮನ್ನಣೆ ನೀಡಿತು. ಬಾಹಿಯಾದಿಂದ ವಲಸೆ ಬಂದ ಕುಟುಂಬಗಳೊಂದಿಗೆ ರಿಯೊ ಡಿ ಜನೈರೊ ಸೇರಿದ ಈ ಕುಣಿತ ಅಲ್ಲಿ ನಗರದ ರೂಪ ಪಡೆಯಿತು. ಕಾರ್ನಿವಲ್ ಹಬ್ಬದಲ್ಲಿ ಹಾಡಿ ಕುಣಿಯುತ್ತ ಮೆರವಣಿಗೆ ಹೋಗುವ ತಂಡಗಳಿಗೆ ಅಲ್ಲಿ ‘ಸಾಂಬಾ ಶಾಲೆ’ ಎನ್ನುತ್ತಾರೆ. 1928ರಲ್ಲಿ ಅಂಥ ಮೊದಲ ತಂಡವೆನಿಸಿದ ‘ಡೇಷಾ ಫಲಾರ್’ ಹುಟ್ಟಿತು, 1932ರಲ್ಲಿ ಸಾಂಬಾ ಶಾಲೆಗಳ ಸ್ಪರ್ಧೆ ಶುರುವಾಯಿತು, 1984ರಲ್ಲಿ ವಾಸ್ತುಶಿಲ್ಪಿ ಆಸ್ಕರ್ ನಿಮೆಯರ್ ವಿನ್ಯಾಸದ ಮೆರವಣಿಗೆಯ ಬೀದಿಯೂ ಸಿದ್ಧವಾಯಿತು. ಗರಿಗಳ ಕಿರೀಟ ಈ ಮೆರವಣಿಗೆಗೆ ಸೇರಿದ್ದು. ಅದಿಲ್ಲದೆಯೂ ಸಾಂಬಾ ಸಾಂಬಾವೇ, ಹಾಗಾಗಿ ಖರ್ಚಿನ ಚಿಂತೆ ಬೇಡ.

ಕಾಲಿಗಿಂತ ಮೊದಲು ಕಿವಿಯನ್ನು ಪಳಗಿಸಬೇಕು. ಸಾಂಬಾದ ತಾಳ ಎರಡು ಬಡಿತಗಳದ್ದು. ‘ಸುರ್ಡೊ’ ಎಂಬ ದೊಡ್ಡ ಡೋಲುಗಳಲ್ಲಿ ಅತ್ಯಂತ ಗಂಭೀರ ನಾದದ್ದು ಎರಡನೆಯ ಬಡಿತದ ಮೇಲೆ ಬೀಳುತ್ತದೆ. ಮೊದಲನೆಯದಕ್ಕೆ ಅದಕ್ಕಿಂತ ತುಸು ಎತ್ತರದ ಸ್ವರದ ಡೋಲು ಉತ್ತರಿಸುತ್ತದೆ. ಹಿಂದೂಸ್ತಾನಿ ಬೈಠಕ್‌ಗಳಲ್ಲಿ ಕುಳಿತು, ಆವರ್ತನದ ಮೊದಲ ಮಾತ್ರೆಯಾದ ಸಮ್‌ಗಾಗಿ ಕಾದು ತಲೆದೂಗಿದ ನಮ್ಮ ಭಾಗದ ಕಿವಿಗೆ ಇದು ಮೊದಮೊದಲು ತಲೆಕೆಳಗಾಗಿ ಕೇಳಿಸುತ್ತದೆ. ಕುರ್ಚಿಯ ಮೇಲೆ ಕುಳಿತು, ಆ ಗಂಭೀರ ಪೆಟ್ಟಿಗೆ ಮಾತ್ರ ಚಪ್ಪಾಳೆ ತಟ್ಟುವುದನ್ನು ರೂಢಿಸಿಕೊಂಡ ಮೇಲೆಯೇ ಎದ್ದು ನಿಲ್ಲಿರಿ. ಪಾಂಡೇರೊ, ತಾಂಬೊರಿಂ ಮುಂತಾದ ಸಣ್ಣ ವಾದ್ಯಗಳು ಪ್ರತಿ ಬಡಿತವನ್ನು ನಾಲ್ಕಾಗಿ ಸೀಳುವ ಸದ್ದು ಆಮೇಲೆ ತಾನಾಗಿಯೇ ಬೇರೆಯಾಗಿ ಕೇಳತೊಡಗುತ್ತದೆ.

ಈಗ ಹೆಜ್ಜೆ. ಮೊಣಕಾಲುಗಳನ್ನು ಸಡಿಲವಾಗಿ ಬಾಗಿಸಿ, ಮೈಭಾರವನ್ನು ಮುಂಗಾಲಿನ ಮೇಲೆ ತಂದುಕೊಳ್ಳಿ. ಬಲಗಾಲನ್ನು ಅಂಗೈಯಗಲ ಹಿಂದಿಟ್ಟು ಭಾರ ಕೊಡಿ. ಆ ಭಾರವನ್ನು ನಿಂತಲ್ಲೇ ಇರುವ ಎಡಗಾಲಿಗೆ ಕೊಡಿ. ಬಲಗಾಲನ್ನು ಎಡಗಾಲಿನ ಪಕ್ಕಕ್ಕೆ ತಂದು ಮತ್ತೆ ಅದಕ್ಕೇ ಭಾರ ಕೊಡಿ. ಭಾರ ಮೂರು ಸಲ ಬದಲಾದದ್ದರಿಂದ ಎಡಗಾಲು ಈಗ ಬಿಡುವಾಗಿದೆ, ಮುಂದಿನ ಸುತ್ತು ಅದರಿಂದ ಆರಂಭವಾಗುತ್ತದೆ. ಈ ಮೂರೂ ಹೆಜ್ಜೆಗಳು ಒಂದೇ ಬಡಿತದೊಳಗೆ ಮುಗಿಯಬೇಕು, ಆದರೆ ಮೂರು ಸಮಭಾಗಗಳಾಗಿ ಅಲ್ಲ. ನಾಲ್ಕು ಪಾಲುಗಳಾದ ಬಡಿತದಲ್ಲಿ ಮೂರು ಹೆಜ್ಜೆಗಳು ತುಸು ಓರೆಯಾಗಿ ಕೂರುವುದರಿಂದಲೇ ಸಾಂಬಾಕ್ಕೆ ಅದರ ತೂಗಾಟ ಬರುತ್ತದೆ. ಸೊಂಟವನ್ನು ಬೇಕೆಂದೇ ಅಲುಗಾಡಿಸಬೇಡಿ. ಮೊಣಕಾಲು ಮಡಚಿ ಬಿಚ್ಚಿಕೊಂಡು, ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿಯಾಗಿ ದಾಟಿದರೆ ಸೊಂಟ ತಾನೇ ಚಲಿಸುತ್ತದೆ, ಹಾಗೆ ಚಲಿಸಿದ್ದೇ ನೋಡಲು ಚಂದ. ಮೇಲುಮೈ ಶಾಂತವಾಗಿರಲಿ, ಕೈಗಳು ಎದೆಯ ಮಟ್ಟಕ್ಕಿಂತ ಕೆಳಗೆ ಸಡಿಲವಾಗಿರಲಿ.

ನಮ್ಮ ಮನೆಗಳ ಶಹಾಬಾದ್ ಫರಸಿಯ ಬಗ್ಗೆ ಒಂದು ಮಾತು. ಕಲ್ಲಿನ ನೆಲ ಗಟ್ಟಿಯಾದ್ದರಿಂದ ಬರಿಗಾಲಿನಲ್ಲಿ ದೀರ್ಘಕಾಲ ಕುಣಿದರೆ ಮೊಣಕಾಲಿಗೂ ಮೀನಖಂಡಕ್ಕೂ ನೋವು ಗ್ಯಾರಂಟಿ. ತೆಳುವಾದ, ಸುಲಭವಾಗಿ ಮಡಚುವ ತಳದ ಬೂಟು ಹಾಕಿಕೊಳ್ಳಿ, ನೆಲ ಒರೆಸಿದ ಹಸಿಯಲ್ಲಿ ಮಾತ್ರ ಕುಣಿಯಬೇಡಿ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅಭ್ಯಾಸಕ್ಕೆ ಬೆಳಗಿನ ಹೊತ್ತೇ ಸರಿ, ಮಧ್ಯಾಹ್ನದ ಮಾತೇ ಬೇಡ.

ಮೆರವಣಿಗೆಯ ವಾದ್ಯತಂಡಗಳ ವೇಗ ನಿಮಿಷಕ್ಕೆ 130 ಬಡಿತಗಳನ್ನೂ ದಾಟುತ್ತದೆ. ಹೊಸಬರು, ಒಂದೇ ವೇಗದಲ್ಲಿ ಬಡಿತ ಕೇಳಿಸುವ ಮೊಬೈಲ್‌ನ ಮೆಟ್ರೊನೋಮ್ ಆ್ಯಪ್‌ನಲ್ಲಿ 50 ಇಟ್ಟುಕೊಂಡು ಆರಂಭಿಸಲಿ. ಒಂದು ಹಾಡಿನಷ್ಟು ಹೊತ್ತು ಭಾರದ ಲೆಕ್ಕ ತಪ್ಪದೆ ನಡೆದರೆ ಐದೈದರಂತೆ ಏರಿಸಿ. ತಪ್ಪಿದರೆ ಐದು ಇಳಿಸಿ. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕುವ ಆಸೆಯಿರುವವರು, ವೇಗ 100ರ ಹತ್ತಿರ ಬಂದು, ಪಾದಗಳನ್ನು ನೋಡದೆ ಎದುರಿನವರೊಂದಿಗೆ ಮಾತನಾಡುತ್ತಲೇ ಕುಣಿಯುವಂತಾದ ಮೇಲೆ ಅದನ್ನು ಕೊಳ್ಳಲಿ.