22 ಬೈಟ್‌ನಲ್ಲೇ ನಿಂತುಹೋದ ಕಡತ

ಹಳೆಯ ಹಾರ್ಡ್ ಡಿಸ್ಕ್‌ನಲ್ಲಿದ್ದ ಸುಮಾರು 60,000 ಚಿತ್ರಗಳನ್ನು ಹೊಸ ಡಿಸ್ಕ್‌ಗೆ ನಕಲು ಮಾಡಿದ ಮೇಲೆ, ಯಾವುದಾದರೂ ಚಿತ್ರ ನಕಲಿನ ಹೊತ್ತಿನಲ್ಲಿ ಕೆಟ್ಟಿದೆಯೇ ಎಂದು ನೋಡಲು ಪೈಥಾನ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಪ್ರತಿ ಚಿತ್ರದ ಎರಡೂ ಪ್ರತಿಗಳನ್ನು ಓದಿ ಚೆಕ್‌ಸಮ್, ಅಂದರೆ ಕಡತದ ಬೆರಳಚ್ಚಿನಂಥ ಸಂಖ್ಯೆ, ಲೆಕ್ಕಹಾಕಬೇಕು. ಎರಡೂ ಒಂದೇ ಆಗಿದ್ದರೆ ಸುಮ್ಮನೆ ಮುಂದೆ ಹೋಗಬೇಕು, ಬೇರೆಯಾಗಿದ್ದರೆ ‘ವ್ಯತ್ಯಾಸ’ ಎಂಬ ಪದದೊಂದಿಗೆ ಆ ಚಿತ್ರದ ಹೆಸರನ್ನು ಮುದ್ರಿಸಬೇಕು. ಇದಲ್ಲದೆ ನೂರು ಚಿತ್ರಗಳಿಗೊಮ್ಮೆ, ಎಷ್ಟು ಮುಗಿದಿದೆ ಎಂದು ಹೇಳುವ ಒಂದು ಸಾಲು. ಮೊದಲು 500 ಚಿತ್ರಗಳ ಮೇಲೆ, ಆಜ್ಞೆಗಳನ್ನು ಬರೆದು ಕೊಡುವ ಕಿಟಕಿಯಾದ ಟರ್ಮಿನಲ್‌ನಲ್ಲೇ ಓಡಿಸಿ ನೋಡಿದಾಗ, ಹತ್ತು ಸೆಕೆಂಡಿಗೊಂದರಂತೆ ಐದು ಸಾಲುಗಳು ಕ್ರಮವಾಗಿ ಬಂದವು. ಈ ವೇಗದಲ್ಲಿ ಇಡೀ ಸಂಗ್ರಹಕ್ಕೆ 100 ನಿಮಿಷ ಬೇಕು. ಅಷ್ಟು ಹೊತ್ತು ಟರ್ಮಿನಲ್ ತೆರೆದಿಟ್ಟುಕೊಂಡು ಕೂರುವ ಮನಸ್ಸಿರಲಿಲ್ಲವಾದ್ದರಿಂದ, ಟರ್ಮಿನಲ್ ಮುಚ್ಚಿದರೂ ಪ್ರೋಗ್ರಾಂ ನಿಲ್ಲದಂತೆ ನೋಹಪ್ ಆಜ್ಞೆಯ ಮೂಲಕ ಅದನ್ನು ಹಿನ್ನೆಲೆಗೆ ಕಳಿಸಿ, ಔಟ್‌ಪುಟ್ ಮತ್ತು ದೋಷಸಂದೇಶ ಎರಡನ್ನೂ ಒಂದೇ ಕಡತಕ್ಕೆ ತಿರುಗಿಸಿದೆ.

ಹತ್ತು ನಿಮಿಷ ಬಿಟ್ಟು ನೋಡಿದಾಗ ಆ ಕಡತದ ಗಾತ್ರ 22 ಬೈಟ್ ಇತ್ತು. ತೆರೆದರೆ ಒಳಗಿದ್ದದ್ದು ಒಂದೇ ಸಾಲು, ಅದೂ ನನ್ನ ಪ್ರೋಗ್ರಾಂ ಬರೆದದ್ದಲ್ಲ. ಕೀಲಿಮಣೆಯ ಇನ್‌ಪುಟ್ ಅನ್ನು ಕಡೆಗಣಿಸುತ್ತಿದ್ದೇನೆ ಎಂದು ನೋಹಪ್ ಇಂಗ್ಲಿಷಿನಲ್ಲಿ ತಿಳಿಸುವ ಸಂದೇಶ. ಸಾಲಿನ ಕೊನೆಯ ಅಕ್ಷರವನ್ನೂ ಸೇರಿಸಿ ಎಣಿಸಿದರೆ ಸರಿಯಾಗಿ 22. ಇಪ್ಪತ್ತನೆಯ ನಿಮಿಷದಲ್ಲೂ ಕಡತ ಅಷ್ಟೇ ಇತ್ತು. ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ತೀರ್ಮಾನಿಸಿ, ಕಿಲ್ ಆಜ್ಞೆ ಕೊಟ್ಟು ಅದನ್ನು ನಿಲ್ಲಿಸಿದೆ.

ಫೋಲ್ಡರಿನ ಹೆಸರಿನಲ್ಲಿದ್ದ ಖಾಲಿ ಜಾಗದ ಮೇಲೆ ನನ್ನ ಮೊದಲ ಅನುಮಾನ ಹೋಯಿತು. ಅದನ್ನು ತೆಗೆದು ಎರಡನೆಯ ಸಲ ಓಡಿಸಿದೆ. ಇಪ್ಪತ್ತು ನಿಮಿಷ ಕಾದೆ. ಮತ್ತೆ 22 ಬೈಟ್, ಮತ್ತೆ ಕಿಲ್. ಮೂರನೆಯ ಸಲ ಸ್ವಲ್ಪ ಬುದ್ಧಿ ಉಪಯೋಗಿಸಿ, ಪ್ರೋಗ್ರಾಮಿನ ಮೊಟ್ಟಮೊದಲ ಸಾಲಿನಲ್ಲೇ ‘ಆರಂಭವಾಯಿತು’ ಎಂದು ಮುದ್ರಿಸುವ ಹೇಳಿಕೆಯೊಂದನ್ನು ಹಾಕಿದೆ. ಚಿತ್ರಗಳನ್ನು ಮುಟ್ಟುವ ಮೊದಲೇ, ಫೋಲ್ಡರನ್ನು ಹುಡುಕುವ ಮೊದಲೇ ಬರಬೇಕಾದ ಸಾಲು ಅದು. ಅದೂ ಬರಲಿಲ್ಲ. ಅಲ್ಲೇ ಕೂತು ಯೋಚಿಸಬೇಕಿತ್ತು. ಆದರೆ ಈ ಸಲವೂ ಇಪ್ಪತ್ತು ನಿಮಿಷ ಕಾದು, ಕಿಲ್ ಕೊಟ್ಟ ಮೇಲೆಯೇ ಯೋಚಿಸಲು ಕೂತೆ.

ಏನನ್ನೂ ಮುದ್ರಿಸದಿರುವುದೇ ದೋಷವೆಂದು ಹೇಳಲಾಗದು. ಯುನಿಕ್ಸ್ ಪರಂಪರೆಯ ಆಜ್ಞೆಗಳು ಕೆಲಸ ಸುಸೂತ್ರವಾಗಿ ಮುಗಿದರೆ ಮಾತಾಡುವುದೇ ಇಲ್ಲ. ಕಡತ ನಕಲು ಮಾಡುವ ಸಿಪಿ, ಹೆಸರು ಬದಲಿಸುವ ಎಂವಿ ಎರಡೂ ಹಾಗೆಯೇ. ಇನ್ನು ಕೆಲವು ಸುಮ್ಮನಿರುವುದು ನಮ್ಮಿಂದ ಏನನ್ನೋ ನಿರೀಕ್ಷಿಸುತ್ತಾ: ಕಡತದ ಹೆಸರು ಕೊಡದೆ ಕ್ಯಾಟ್ ಎಂದು ಬರೆದರೆ ಅದು ನಾವು ಕೀಲಿಮಣೆಯಲ್ಲಿ ಏನಾದರೂ ಒತ್ತಲಿ ಎಂದು ಕಾಯುತ್ತದೆ, ನಾವು ಅದು ಏನಾದರೂ ಹೇಳಲಿ ಎಂದು ಕಾಯುತ್ತೇವೆ. ಕಲಿಯುವ ದಿನಗಳಲ್ಲಿ ನನ್ನನ್ನು ಅರ್ಧ ದಿನ ಸತಾಯಿಸಿದ್ದು ಬೇರೊಂದು ಬಗೆ. ನನ್ನ ಮೊದಲ ಸಿ ಪ್ರೋಗ್ರಾಮಿಗೆ ಟೆಸ್ಟ್ ಎಂದು ಹೆಸರಿಟ್ಟು, ಆ ಹೆಸರನ್ನಷ್ಟೇ ಬರೆದು ಓಡಿಸುತ್ತಿದ್ದೆ. ಅದೇ ಹೆಸರಿನ ಆಜ್ಞೆಯೊಂದು, ನಾವು ಬರೆದ ಆಜ್ಞೆಗಳನ್ನು ಓದಿ ನಡೆಸುವ ಶೆಲ್‌ನ ಒಳಗೇ ಇದೆಯೆಂದೂ, ಅದು ಏನನ್ನೂ ಮುದ್ರಿಸದೆ ಮುಗಿಯುವಂಥದ್ದೆಂದೂ ತಿಳಿದಿರಲಿಲ್ಲ. ಹೆಸರಿನ ಮೊದಲು ಚುಕ್ಕೆ ಮತ್ತು ಓರೆಗೆರೆ ಹಾಕಿದ ಕೂಡಲೇ ನನ್ನ ಪ್ರೋಗ್ರಾಂ ಮಾತಾಡಿತ್ತು.

ಈ ಸಲ ಆ ಯಾವ ಕಾರಣವೂ ಹೊಂದುವಂತಿರಲಿಲ್ಲ. ನೋಹಪ್ ಇನ್‌ಪುಟ್ ಅನ್ನು ಕಡಿದುಹಾಕಿದ್ದರಿಂದ ಪ್ರೋಗ್ರಾಂ ಕೀಲಿಮಣೆಗಾಗಿ ಕಾಯುವ ಪ್ರಶ್ನೆಯಿರಲಿಲ್ಲ. ಪ್ರೋಗ್ರಾಂ ಹೇಗೆ ಮುಗಿಯಿತೆಂದು ತಿಳಿಸುವ ಸಂಖ್ಯೆಯಾದ ಎಕ್ಸಿಟ್ ಕೋಡ್ ನೋಡೋಣವೆಂದರೆ ಅದು 143 ಎಂದಿತು. ಸಿಗ್ನಲ್, ಅಂದರೆ ಹೊರಗಿನಿಂದ ಕಳಿಸಿದ ಸೂಚನೆ, ಪ್ರೋಗ್ರಾಮನ್ನು ಕೊಂದರೆ 128ಕ್ಕೆ ಆ ಸಿಗ್ನಲ್ಲಿನ ಸಂಖ್ಯೆಯನ್ನು ಕೂಡಿಸಿ ಶೆಲ್ ಈ ಕೋಡ್ ಕೊಡುತ್ತದೆ, ಕಿಲ್ ಸಾಮಾನ್ಯವಾಗಿ ಕಳಿಸುವ ಸಿಗ್ನಲ್ಲಿನ ಸಂಖ್ಯೆ 15. ಅಂದರೆ 143 ಎಂಬುದು ನನ್ನದೇ ಕೃತ್ಯದ ದಾಖಲೆಯೇ ಹೊರತು ಪ್ರೋಗ್ರಾಮಿನ ಕಾಯಿಲೆಯ ಕುರುಹಲ್ಲ.

ನಾಲ್ಕನೆಯ ಸಲ ಓಡಿಸಿ, ಈ ಬಾರಿ ಕೊಲ್ಲದೆ ಒಳಗೆ ಇಣುಕಿದೆ. ಟಾಪ್ ಆಜ್ಞೆಯ ಪಟ್ಟಿಯಲ್ಲಿ ಪ್ರೋಗ್ರಾಂ ಚೆನ್ನಾಗಿ ದುಡಿಯುತ್ತಿರುವುದು ಕಾಣುತ್ತಿತ್ತು. ಒಂದು ಪ್ರೋಗ್ರಾಂ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಸಲ್ಲಿಸುವ ಪ್ರತಿಯೊಂದು ಕೋರಿಕೆಯನ್ನೂ ತೋರಿಸುವ ಎಸ್‌ಟ್ರೇಸ್ ಎಂಬ ಸಾಧನವನ್ನು ಅದಕ್ಕೆ ಅಂಟಿಸಲು ಹೋದಾಗ ಅನುಮತಿಯಿಲ್ಲ ಎಂಬ ಉತ್ತರ ಬಂತು. ಆಡಳಿತಗಾರನ ಅಧಿಕಾರ ಕೊಡುವ ಸುಡೊ ಸೇರಿಸಿದ ಮೇಲೆ ಪರದೆ ತುಂಬಾ ಸಾಲುಗಳು ಹರಿಯತೊಡಗಿದವು. ಕಡತ ತೆರೆ, ಓದು, ಓದು, ಮುಚ್ಚು. ಮುಂದಿನದನ್ನು ತೆರೆ, ಓದು, ಮುಚ್ಚು. ಚಿತ್ರಗಳ ಹೆಸರುಗಳು ಒಂದರ ಹಿಂದೊಂದು ಸರಿಯುತ್ತಿದ್ದವು. ಎರಡು ಮೂರು ನಿಮಿಷ ಕಣ್ಣು ಕೀಳದೆ ನೋಡಿದೆ. ಅಷ್ಟು ಹೊತ್ತಿನಲ್ಲಿ ನೂರರ ಲೆಕ್ಕದ ಸಾಲು ಹತ್ತು ಹದಿನೈದು ಸಲವಾದರೂ ಮುದ್ರಣವಾಗಬೇಕಿತ್ತು. ಆದರೆ ಒಂದು ಸಲವೂ ‘ಬರೆ’ ಎಂಬ ಕೋರಿಕೆ ಬರಲಿಲ್ಲ. ಪ್ರೋಗ್ರಾಂ ಮುದ್ರಿಸುತ್ತಿದ್ದದ್ದು ನಿಜ, ಅದು ಪ್ರೋಗ್ರಾಮಿನಿಂದ ಹೊರಗೆ ಹೋಗುತ್ತಿರಲಿಲ್ಲ.

ಆಗ ನೆನಪಾದದ್ದು ಬಫರ್, ಔಟ್‌ಪುಟ್ ಹೊರಗೆ ಹೋಗುವ ಮೊದಲು ಮೆಮೊರಿಯಲ್ಲಿ ತಂಗುವ ಜಾಗ. ಪ್ರತಿ ಸಾಲಿಗೂ ಕರ್ನಲ್ಲನ್ನು ಕರೆಯುವುದು ದುಬಾರಿಯಾದ್ದರಿಂದ, ಔಟ್‌ಪುಟ್ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಭಾಷೆಯ ಲೈಬ್ರರಿಯೇ ಆರಂಭದಲ್ಲಿ ಪರೀಕ್ಷಿಸುತ್ತದೆ. ಅದು ಟರ್ಮಿನಲ್ ಆಗಿದ್ದರೆ ಎದುರಿಗೆ ಮನುಷ್ಯನಿದ್ದಾನೆಂದು ಎಣಿಸಿ, ಸಾಲು ಮುಗಿದ ಕೂಡಲೇ ಹೊರಗೆ ಕಳಿಸುತ್ತದೆ. ಕಡತವೋ, ಒಂದು ಆಜ್ಞೆಯ ಔಟ್‌ಪುಟ್ ಅನ್ನು ಇನ್ನೊಂದಕ್ಕೆ ಒಯ್ಯುವ ಪೈಪೋ ಆಗಿದ್ದರೆ ಆತುರವೇನಿಲ್ಲವೆಂದು ಮೆಮೊರಿಯಲ್ಲಿ ಕೂಡಿಟ್ಟುಕೊಂಡು, ತುಂಬಿದ ಮೇಲೆ ಒಟ್ಟಿಗೆ ಬರೆಯುತ್ತದೆ. ಸಿ ಭಾಷೆಯಲ್ಲೂ ಪೈಥಾನ್‌ನಲ್ಲೂ ಕ್ರಮ ಇದೇ. ನಾನು ಬಳಸುತ್ತಿದ್ದ ಪೈಥಾನ್‌ನಲ್ಲಿ ಈ ಸಂಗ್ರಹದ ಮಿತಿ ಸುಮಾರು 8 ಕಿಲೋಬೈಟ್. ನನ್ನ ಒಂದೊಂದು ಸಾಲು ಸುಮಾರು 40 ಬೈಟ್. ಇನ್ನೂರಕ್ಕೂ ಹೆಚ್ಚು ಸಾಲುಗಳು ಸೇರಿದರೆ ಮಾತ್ರ ಬಫರ್ ತುಂಬುತ್ತದೆ, ಹತ್ತು ಸೆಕೆಂಡಿಗೊಂದು ಸಾಲಿನಂತೆ ಅದಕ್ಕೆ 34 ನಿಮಿಷ ಬೇಕು. ನಾನು ಕಾದದ್ದು ಇಪ್ಪತ್ತೇ ನಿಮಿಷ. ಟರ್ಮಿನಲ್‌ನಲ್ಲಿ ಮಾಡಿದ ಪರೀಕ್ಷೆ ಗೆದ್ದದ್ದು, ಕಡತಕ್ಕೆ ತಿರುಗಿಸಿದಾಗ ಸೋತದ್ದು, ‘ಆರಂಭವಾಯಿತು’ ಎಂಬ ಸಾಲೂ ಕಾಣದಿದ್ದದ್ದು, ಎಲ್ಲಕ್ಕೂ ಒಂದೇ ಕಾರಣ.

ಇದಕ್ಕಿಂತ ಮನಸ್ಸಿಗೆ ಚುಚ್ಚಿದ್ದು ಕಿಲ್‌ನ ವಿಷಯ. ಆ ಸಿಗ್ನಲ್ ಬಂದಾಗ, ಪ್ರೋಗ್ರಾಂ ತಾನೇ ಬೇರೆ ಏರ್ಪಾಡು ಮಾಡಿಕೊಂಡಿಲ್ಲದಿದ್ದರೆ, ಪೈಥಾನ್ ಬಫರಿನಲ್ಲಿರುವುದನ್ನು ಬರೆಯದೆಯೇ ಸಾಯುತ್ತದೆ. ಯಾವ ಸಾಕ್ಷ್ಯಕ್ಕಾಗಿ ಹುಡುಕುತ್ತಿದ್ದೆನೋ ಅದನ್ನು ಮೂರು ಸಲವೂ ನನ್ನ ಕೈಯಾರೆ ಅಳಿಸಿಹಾಕಿದ್ದೆ. ಇದು ನಿಜವೇ ಎಂದು ನೋಡಲು, ನಡೆಯುತ್ತಿದ್ದ ನಾಲ್ಕನೆಯ ಓಟಕ್ಕೆ ಕಿಲ್ ಮೂಲಕವೇ, ಆದರೆ ಕಂಟ್ರೋಲ್ ಸಿ ಒತ್ತಿದಾಗ ಹೋಗುವ ಇಂಟರಪ್ಟ್ ಸಿಗ್ನಲ್ಲನ್ನು ಕಳಿಸಿದೆ. ಇದನ್ನು ಪೈಥಾನ್ ಒಂದು ಸಾಧಾರಣ ಎಕ್ಸೆಪ್ಶನ್ (ಓಟದ ನಡುವೆ ಎದುರಾಗುವ ಅಡಚಣೆ) ಆಗಿ ಪರಿಗಣಿಸಿ, ಬಾಗಿಲು ಹಾಕುವ ಮೊದಲು ಬಫರನ್ನು ಖಾಲಿ ಮಾಡುತ್ತದೆ. ಕಡತ ತೆರೆದರೆ ‘ಆರಂಭವಾಯಿತು’ ಎಂಬಲ್ಲಿಂದ ಹಿಡಿದು ಪ್ರತಿಯೊಂದು ಸಾಲೂ ಅಲ್ಲಿತ್ತು, ಜೊತೆಗೆ ನಾನು ತಡೆದೆನೆಂಬ ದೂರೂ ಇತ್ತು.

ಪರಿಹಾರ ಹೇಳಲೂ ನಾಚಿಕೆಯಾಗುವಷ್ಟು ಚಿಕ್ಕದು. ಪೈಥಾನ್ ಆಜ್ಞೆಗೆ ಮೈನಸ್ ಯು ಎಂಬ ಆಯ್ಕೆ ಸೇರಿಸಿದರೆ ಸಾಲುಗಳು ಕಾಯದೆ ಹೊರಬರುತ್ತವೆ. ಪ್ರಿಂಟ್ ಹೇಳಿಕೆಯಲ್ಲೇ ಫ್ಲಶ್ ಎಂಬುದನ್ನು ನಿಜವೆಂದು ಕೊಟ್ಟರೂ ಆಗುತ್ತದೆ. ನಾನು ಮೊದಲನೆಯದನ್ನು ಆರಿಸಿಕೊಂಡು ಐದನೆಯ ಸಲ ಓಡಿಸಿದೆ. ಕಡತ ಹತ್ತು ಸೆಕೆಂಡಿಗೊಮ್ಮೆ ಬೆಳೆಯಲಾರಂಭಿಸಿತು.

ಕೆಟ್ಟ ಚಿತ್ರಗಳ ಹೆಸರನ್ನಷ್ಟೇ ನೋಡಲು, ಬೆಳೆಯುತ್ತಿರುವ ಕಡತವನ್ನು ಟೇಲ್ ಆಜ್ಞೆಯಿಂದ ಮೊದಲಿನಿಂದ ಓದಿಸಿ, ಗ್ರೆಪ್‌ನಿಂದ ‘ವ್ಯತ್ಯಾಸ’ ಎಂಬ ಪದವಿದ್ದ ಸಾಲುಗಳನ್ನು ಹೆಕ್ಕಿಸಿ, ಹೆಸರಿನ ಭಾಗವನ್ನು ಕಟ್ ಆಜ್ಞೆಯಿಂದ ಬೇರ್ಪಡಿಸುವಂತೆ ಪೈಪ್ ಜೋಡಿಸಿದೆ. ಮತ್ತೆ ಖಾಲಿ ಪರದೆ. ಇಪ್ಪತ್ತೈದು ನಿಮಿಷ ಕಳೆದರೂ ಒಂದು ಹೆಸರೂ ಇಲ್ಲ. ಎಲ್ಲ ಚಿತ್ರಗಳೂ ಕ್ಷೇಮವಾಗಿರಬಹುದೆಂದು ಸಂತೋಷಪಡುವಷ್ಟರಲ್ಲಿ, ಗ್ರೆಪ್‌ನ ಔಟ್‌ಪುಟ್ ಕೂಡ ಟರ್ಮಿನಲ್‌ಗಲ್ಲ, ಇನ್ನೊಂದು ಪೈಪ್‌ಗೆ ಹೋಗುತ್ತಿದೆ ಎಂಬುದು ಹೊಳೆಯಿತು. ಸಾಲು ಸಾಲಾಗಿ ಕಳಿಸು ಎಂದು ಗ್ರೆಪ್‌ಗೆ ಹೇಳಲು ಲೈನ್ ಬಫರ್ಡ್ ಎಂಬ ಆಯ್ಕೆಯಿದೆ. ಅದನ್ನು ಸೇರಿಸಿ ಪೈಪನ್ನು ಮತ್ತೆ ಜೋಡಿಸಿದ ಕೂಡಲೇ ಎರಡು ಹೆಸರುಗಳು ಬಂದವು.

ಅವೆರಡೂ ಚಿತ್ರಗಳ ಮೂಲ ಪ್ರತಿ ಹಳೆಯ ಡಿಸ್ಕ್‌ನಲ್ಲಿ ಸರಿಯಾಗಿಯೇ ತೆರೆಯಿತು, ಆದ್ದರಿಂದ ಮತ್ತೆ ನಕಲು ಮಾಡಿದರೆ ಸಾಕಾಯಿತು. 100 ನಿಮಿಷ ಮುಗಿದಾಗಲೂ ಪಟ್ಟಿಗೆ ಮೂರನೆಯ ಹೆಸರು ಸೇರಲಿಲ್ಲ. ಕಡತದಲ್ಲಿ ಒಂದರ ಹೆಸರು 7,300ನೆಯ ಚಿತ್ರದ ಆಸುಪಾಸಿನಲ್ಲಿತ್ತು, ಇನ್ನೊಂದರದು 11,000 ದಾಟಿದ ಮೇಲೆ. ಚಿತ್ರಗಳನ್ನು ಪ್ರೋಗ್ರಾಂ ಪ್ರತಿ ಸಲವೂ ಹೆಸರಿನ ಅನುಕ್ರಮದಲ್ಲೇ ಓದುತ್ತಿತ್ತು, ಇಪ್ಪತ್ತು ನಿಮಿಷಕ್ಕೆ 12,000 ಚಿತ್ರಗಳನ್ನು ಮುಗಿಸುತ್ತಿತ್ತು. ಅಂದರೆ ಬೆಳಗಿನಿಂದ ನಾನು ಕಿಲ್ ಒತ್ತಿದ ಮೂರು ಸಲವೂ ಆ ಎರಡು ಹೆಸರುಗಳು ಬಫರಿನಲ್ಲಿದ್ದವು.