ಜನರೇ ಕಟ್ಟುವ ನಕಾಶೆ: ಕದ್ದ ಫೋಟೋ ಹಿಡಿಯುವ ಕೆಲಸ ಎಲ್ಲಿಗೆ ಬಂತು

ನಮ್ಮ ನಕಾಶೆಗೆ ಯಾರು ಬೇಕಾದರೂ ಸ್ಥಳ ಸೇರಿಸಬಹುದು. ಪ್ರತಿಮೆ, ಕಾರಂಜಿ, ಗೋಡೆಚಿತ್ರ, ಸ್ಮಾರಕ ಫಲಕ, ಕುಡಿಯುವ ನೀರಿನ ನಲ್ಲಿ, ಯಾವುದಾದರೂ ಸರಿ. ಒಂದು ಫೋಟೋ, ನಕಾಶೆಯ ಮೇಲೊಂದು ಗುರುತು, ಎರಡು ಸಾಲು ವಿವರಣೆ ಕಳಿಸಿದರೆ ಸ್ವಯಂಸೇವಕರು ನೋಡಿ ಒಪ್ಪುತ್ತಾರೆ. ಈ ಕಂತು ಪೂರ್ತಿ ಆ ಫೋಟೋದ ಬಗ್ಗೆ. ಪ್ರವಾಸದ ವೆಬ್‌ಸೈಟಿನಿಂದ ಇಳಿಸಿಕೊಂಡದ್ದು, ಬೀದಿಗಳ ಫೋಟೋ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂನ ಸ್ಕ್ರೀನ್‌ಶಾಟ್, ಮುಕ್ತ ಪರವಾನಗಿಯ ಫೋಟೋ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಿಂದ ತಂದು ತೆಗೆದವರ ಹೆಸರು ಕೈಬಿಟ್ಟದ್ದು, ಎಲ್ಲ ಬಗೆಯವೂ ನಮ್ಮ ಸರದಿಯಲ್ಲಿ ಕಾಣುತ್ತವೆ.

ಈ ಅವಧಿಯಲ್ಲಿ ಆದ ದೊಡ್ಡ ಬದಲಾವಣೆ ಎಂದರೆ ಒಂದು ಪ್ರಶ್ನೆಯನ್ನು ಎರಡಾಗಿ ಒಡೆದದ್ದು. ಪರಿಶೀಲಿಸುವವರ ಮುಂದೆ ಈ ಮೊದಲು ‘ಒಪ್ಪಿಗೆ’, ‘ತಿರಸ್ಕಾರ’ ಎಂಬ ಎರಡೇ ಗುಂಡಿಗಳಿದ್ದವು. ಈಗ ಮೊದಲು ಕೇಳುವುದು ‘ಈ ವಸ್ತು ಗುರುತು ಹಾಕಿದ ಜಾಗದಲ್ಲಿ ಇದೆಯೇ?’ ಎಂದು. ಆಮೇಲೆ ಬೇರೆಯಾಗಿ, ‘ಈ ಫೋಟೋ ಕಳಿಸಿದವರೇ ತೆಗೆದದ್ದೇ?’ ಎಂದು.

ಹೀಗೆ ಒಡೆದ ಮೇಲೆ ಕೆಲಸದ ಸ್ವರೂಪವೇ ಸ್ಪಷ್ಟವಾಯಿತು. ಕದ್ದ ಫೋಟೋಗಳಲ್ಲಿ ಬಹುಪಾಲು ನಿಜವಾದ ಸ್ಥಳದವೇ. ಕಾರಂಜಿ ಅಲ್ಲೇ ಇದೆ, ಗುರುತೂ ಸರಿಯಾಗಿದೆ; ಕಳಿಸಿದವರಿಗೆ ಅಲ್ಲಿಗೆ ಹೋಗಿ ಬರಲು ಪುರುಸೊತ್ತಿರಲಿಲ್ಲ, ಅಷ್ಟೆ. ಅಂಥ ಕಡೆ ಸ್ಥಳವನ್ನು ಉಳಿಸಿಕೊಂಡು ಫೋಟೋ ಮಾತ್ರ ತೆಗೆದುಹಾಕುತ್ತೇವೆ. ಹೆಚ್ಚು ಕೆಡುಕು ಮಾಡುವುದು ಇದಕ್ಕೆ ತಿರುಗುಮುರುಗಾದದ್ದು: ಫೋಟೋ ಅಪ್ಪಟ ಸ್ವಂತದ್ದು, ಗುರುತು ಮಾತ್ರ ಸುಳ್ಳು. ಎಲ್ಲೋ ತೆಗೆದ ಪ್ರತಿಮೆಯ ಫೋಟೋವನ್ನು ತನ್ನ ಮನೆ ಬಾಗಿಲಿಗೆ ಅಂಟಿಸುವುದು. ನಿಜವಾದ ಸ್ಥಳಗಳಿಗೆ ಹೋಗಿ ಫೋನಿನಲ್ಲಿ ಆಡುವ ಇಂಗ್ರೆಸ್, ಪೋಕೆಮಾನ್ ಗೋ ಥರದ ಆಟಗಳಲ್ಲಿ ಮನೆಯಿಂದಲೇ ಕೈಗೆಟುಕುವ ಜಾಗ ಸಿಕ್ಕರೆ ಆಡುವವರಿಗೆ ಲಾಭ, ಹಾಗಾಗಿ ಅಲ್ಲಿ ಈ ಆಸೆ ಅರ್ಥವಾಗುವಂಥದ್ದು. ನಮ್ಮಲ್ಲಿ ಲಾಭವಿದ್ದದ್ದು ಅತಿ ಹೆಚ್ಚು ಸ್ಥಳ ಸೇರಿಸಿದವರ ಪಟ್ಟಿಯಲ್ಲಿ ಮೇಲೇರುವುದು ಮಾತ್ರ. ಆ ಪಟ್ಟಿಯನ್ನೇ ತೆಗೆದುಬಿಟ್ಟೆವು. ಯಾವ ತಂತ್ರಾಂಶಕ್ಕಿಂತಲೂ ಇದು ಹೆಚ್ಚು ಕೆಲಸ ಮಾಡಿದೆ ಎಂದು ನನಗನ್ನಿಸುತ್ತದೆ.

ಇನ್ನು ಯಂತ್ರದ ಪಾಲಿನ ಕೆಲಸ. ಮೊದಲ ಹಂತದಲ್ಲಿ ಪ್ರತಿ ಫೋಟೋಗೂ ಒಂದು ಬೆರಳಚ್ಚು ತೆಗೆಯುತ್ತೇವೆ. ಡಿ-ಹ್ಯಾಶ್ ಎಂಬ ಈ ವಿಧಾನ ಬಹಳ ಸರಳ: ಫೋಟೋವನ್ನು ಬೂದುಬಣ್ಣಕ್ಕೆ ತಿರುಗಿಸಿ, 9 ಅಡ್ಡ, 8 ಉದ್ದ ಪಿಕ್ಸೆಲ್‌ಗಳಿಗೆ ಕುಗ್ಗಿಸಿ, ಪ್ರತಿ ಪಿಕ್ಸೆಲ್ ತನ್ನ ಬಲಗಡೆಯದಕ್ಕಿಂತ ಹೊಳಪಾಗಿದೆಯೇ ಎಂದು ನೋಡುವುದು. ಒಂದು ಸಾಲಿಗೆ 8 ಹೋಲಿಕೆ, 8 ಸಾಲು, ಒಟ್ಟು 64 ಬಿಟ್, ಅಂದರೆ 64 ಹೌದು-ಅಲ್ಲ ಉತ್ತರಗಳು. ಎರಡು ಫೋಟೋಗಳ ಬೆರಳಚ್ಚಿನಲ್ಲಿ ಎಷ್ಟು ಬಿಟ್ ಬೇರೆಯಾಗಿವೆ ಎಂದು ಎಣಿಸಿದರೆ ಅವುಗಳ ಅಂತರ ಸಿಗುತ್ತದೆ. 10ಕ್ಕಿಂತ ಕಡಿಮೆ ಬಂದರೆ ಒಂದೇ ಫೋಟೋ ಇರಬಹುದೆಂದು ಎತ್ತಿ ತೋರಿಸುತ್ತೇವೆ. ಅಳತೆ ಬದಲಿಸಿದರೂ, ಬಣ್ಣ ತುಸು ತಿದ್ದಿದರೂ, ಮತ್ತೊಮ್ಮೆ ಜೆಪೆಗ್ ಆಗಿ ಉಳಿಸಿದರೂ ಇದು ಹಿಡಿಯುತ್ತದೆ. ಎಡಬಲ ತಿರುಗಿಸಿದರೆ ತಪ್ಪಿಸಿಕೊಳ್ಳುತ್ತದೆ, ಆದ್ದರಿಂದ ತಿರುಗಿಸಿದ ಪ್ರತಿಯ ಬೆರಳಚ್ಚನ್ನೂ ಜೊತೆಗೇ ಇಟ್ಟುಕೊಳ್ಳುತ್ತೇವೆ. ಅಂಚಿನಿಂದ ಜಾಸ್ತಿ ಕತ್ತರಿಸಿದ್ದರೆ ಇದರ ಆಟ ನಡೆಯುವುದಿಲ್ಲ. ಮೂಲೆಯಲ್ಲಿದ್ದ ಮುದ್ರೆ ಕಾಣದಿರಲೆಂದು ಕತ್ತರಿಸುವುದು ರೂಢಿಯಾದ್ದರಿಂದ ಈ ಕೊರತೆ ಸಣ್ಣದಲ್ಲ.

ಬೆರಳಚ್ಚು ಹೋಲಿಸುವುದು ನಮ್ಮಲ್ಲೇ ಇರುವ ಫೋಟೋಗಳ ಜೊತೆ ಮಾತ್ರ. ಜಾಲದಲ್ಲಿ ಬೇರೆಲ್ಲಿದೆ ಎಂದು ನೋಡಲು ಚಿತ್ರದಿಂದ ಹುಡುಕುವ ಸೌಲಭ್ಯಗಳೇ ಗತಿ. ಟಿನ್‌ಐ 2008ರಿಂದ ಇದೆ. ಗೂಗಲ್ 2011ರಲ್ಲಿ ಇದನ್ನು ತಂದಿತು, ಈಗ ಅದು ಲೆನ್ಸ್ ರೂಪದಲ್ಲಿದೆ. ಇವೆರಡನ್ನೂ ಬಳಸಬೇಕು, ಏಕೆಂದರೆ ಉದ್ದೇಶ ಬೇರೆ ಬೇರೆ. ಟಿನ್‌ಐ ಅದೇ ಫೋಟೋದ ಪ್ರತಿಗಳನ್ನು ಹುಡುಕುತ್ತದೆ, ಹಳೆಯದು ಮೊದಲು ಬರುವಂತೆ ಜೋಡಿಸಲೂಬಹುದು. ಲೆನ್ಸ್ ಫೋಟೋದಲ್ಲಿರುವ ವಸ್ತು ಯಾವುದೆಂದು ಹೇಳುತ್ತದೆ. ಮೊದಲನೆಯದು ಕಳ್ಳತನಕ್ಕೆ, ಎರಡನೆಯದು ಸುಳ್ಳು ಗುರುತಿಗೆ. ಪ್ರತಿಮೆ ಇನ್ನೊಂದು ಊರಿನದೆಂದು ಲೆನ್ಸ್‌ನಲ್ಲಿ ಗೊತ್ತಾದರೆ ಫೋಟೋ ಯಾರದೆಂಬ ಪ್ರಶ್ನೆಗೇ ಹೋಗಬೇಕಾಗಿಲ್ಲ.

ಎಕ್ಸಿಫ್ ಬಗ್ಗೆ ನಮ್ಮ ತಂಡದಲ್ಲಿ ತುಂಬಾ ಚರ್ಚೆಯಾಗಿದೆ. ಕ್ಯಾಮೆರಾ ಫೋಟೋ ಕಡತದೊಳಗೇ ಬರೆದಿಡುವ ಟಿಪ್ಪಣಿ ಇದು: ಕ್ಯಾಮೆರಾ ಯಾವುದು, ಎಷ್ಟು ಹೊತ್ತಿಗೆ ತೆಗೆದದ್ದು, ಅನುಮತಿ ಇದ್ದರೆ ಅಕ್ಷಾಂಶ ರೇಖಾಂಶ, ಕೆಲವು ಫೋನ್‌ಗಳಲ್ಲಿ ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದೂ. ಸ್ಥಳದ ಅಂಕಿ ಇಲ್ಲದ ಫೋಟೋಗಳನ್ನು ಸೀದಾ ತಿರಸ್ಕರಿಸೋಣ ಎಂಬ ಸಲಹೆ ಬಂದಿತ್ತು. ನಾನು ಗಟ್ಟಿಯಾಗಿ ವಿರೋಧಿಸಿದೆ, ಈಗಲೂ ವಿರೋಧಿಸುತ್ತೇನೆ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದ ಕೂಡಲೇ ಆ ಟಿಪ್ಪಣಿ ಅಳಿಸಿಹೋಗುತ್ತದೆ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಈಚೆಗೆ, ಪ್ರತ್ಯೇಕ ಅನುಮತಿ ಪಡೆಯದ ಆ್ಯಪ್‌ಗೆ ಫೋಟೋದೊಳಗಿನ ಸ್ಥಳದ ಅಂಕಿ ಕಾಣುವುದೇ ಇಲ್ಲ. ತಮ್ಮ ಓಡಾಟದ ಗುಟ್ಟು ಕಾಪಾಡಿಕೊಳ್ಳಲು ಅದನ್ನು ತಾವಾಗಿಯೇ ಅಳಿಸುವ ಎಚ್ಚರದ ಜನರಿದ್ದಾರೆ. ಅಂಥವರನ್ನು ಕಳ್ಳರೆಂದು ಸಂಶಯಿಸುವುದು ಅನ್ಯಾಯ. ಟಿಪ್ಪಣಿ ಇಲ್ಲದಿರುವುದನ್ನು ಯಾವುದಕ್ಕೂ ಸಾಕ್ಷಿಯಾಗಿ ಹಿಡಿಯುವುದಿಲ್ಲ ಎಂಬ ನಿಯಮ ಕೊನೆಗೆ ಬರವಣಿಗೆಗೆ ಬಂತು. ಇದ್ದರೂ ಅದು ಸುಳಿವು ಮಾತ್ರ; ತಿದ್ದಲು ಪುಕ್ಕಟೆ ತಂತ್ರಾಂಶಗಳು ಬೇಕಾದಷ್ಟಿವೆ.

ನನ್ನ ನಂಬಿಕೆ ಇರುವುದು ಎರಡನೆಯ ಫೋಟೋದ ಮೇಲೆ. ಇಂಗ್ರೆಸ್ ಮತ್ತು ಪೋಕೆಮಾನ್ ಗೋ ಆಟಗಳ ಸ್ಥಳ ಪರಿಶೀಲನೆಗೆಂದು 2019ರಲ್ಲಿ ಬಂದ ವೇಫೇರರ್ ಎಂಬ ಜಾಲತಾಣದಲ್ಲಿ ಮುಖ್ಯ ಫೋಟೋ ಜೊತೆಗೆ ಸುತ್ತಲ ಪರಿಸರ ತೋರಿಸುವ ಪೂರಕ ಫೋಟೋ ಕೇಳುತ್ತಾರೆ. ಆ ಪದ್ಧತಿಯನ್ನೇ ನಾವೂ ಅಳವಡಿಸಿಕೊಂಡಿದ್ದೇವೆ. ಅಂದದ ಫೋಟೋ ಒಂದು, ಅದೇ ವಸ್ತು ದೂರದಿಂದ, ಬೀದಿ, ಕಟ್ಟಡ, ಕಂಬಗಳ ಸಮೇತ ಕಾಣುವ ಫೋಟೋ ಇನ್ನೊಂದು. ಪ್ರಸಿದ್ಧ ಪ್ರತಿಮೆಯ ಚೆಂದದ ಫೋಟೋ ಜಾಲದಲ್ಲಿ ರಾಶಿ ಬಿದ್ದಿರುತ್ತದೆ; ಅದರ ಪಕ್ಕದ ಚರಂಡಿ ಮುಚ್ಚಳ, ಬಾಗಿದ ಬೇಲಿ, ಹಿಂದಿನ ಅಂಗಡಿಯ ಶಟರ್ ಸೇರಿದ ಫೋಟೋ ಯಾರೂ ಹಾಕಿರುವುದಿಲ್ಲ. ಕದಿಯಲು ಸಿಗದ ಫೋಟೋವನ್ನೇ ಕೇಳುವುದು ಇದರ ಜಾಣತನ. ಎರಡರಲ್ಲೂ ಬೆಳಕು, ಆಕಾಶ, ನೆಲದ ಒದ್ದೆ ಒಂದೇ ತೆರನಾಗಿದ್ದರೆ ಪರಿಶೀಲಿಸುವವರಿಗೆ ನೆಮ್ಮದಿ. ಒಂದರಲ್ಲಿ ಮರ ಚಿಗುರಿ ಇನ್ನೊಂದರಲ್ಲಿ ಬೋಳಾಗಿದ್ದರೆ ಮತ್ತೆ ಕೇಳಬೇಕಾಗುತ್ತದೆ.

ನೆರಳು ನೋಡುವುದನ್ನು ಕಲಿಸಲು ಒಂದು ಪುಟ್ಟ ಕೈಪಿಡಿ ಬರೆದಿದ್ದೇವೆ. ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸಾಗುತ್ತಾನೆ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿರುವ ಕಡೆ ನಡುಹಗಲಿನ ನೆರಳು ವರ್ಷವಿಡೀ ಉತ್ತರಕ್ಕೇ, ಮಕರ ವೃತ್ತದಿಂದ ದಕ್ಷಿಣಕ್ಕೆ ಹೋದರೆ ದಕ್ಷಿಣಕ್ಕೇ ಬೀಳುತ್ತದೆ. ನಡುವಿನ ಪಟ್ಟಿಯಲ್ಲಿ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಸನ್‌ಕ್ಯಾಲ್ಕ್ ಎಂಬ ಜಾಲತಾಣದಲ್ಲಿ ಜಾಗ, ದಿನ, ಹೊತ್ತು ಕೊಟ್ಟರೆ ಸೂರ್ಯನ ದಿಕ್ಕು ತೋರಿಸುತ್ತದೆ, ಅದಕ್ಕೆ ಎದುರು ದಿಕ್ಕೇ ನೆರಳಿನದು. ಪ್ರತಿ ಫೋಟೋಗೂ ಇದನ್ನು ಮಾಡುವುದು ಆಗದ ಮಾತು; ಸಂಶಯ ಗಟ್ಟಿಯಾದಾಗ ಮಾತ್ರ. ಇದಕ್ಕಿಂತ ಬೇಗ ಸಿಗುವ ಸುಳಿವೂ ಇದೆ. ಕಂಪ್ಯೂಟರ್ ಪರದೆಯಿಂದ ಮತ್ತೆ ಫೋಟೋ ತೆಗೆದಿದ್ದರೆ ಅಲೆಅಲೆಯಾಗಿ ಬಣ್ಣದ ಗೆರೆಗಳು ಕಾಣುತ್ತವೆ. ಎರಡು ಚುಕ್ಕಿ ಜಾಲಗಳು, ಅಂದರೆ ಪರದೆಯದು ಮತ್ತು ಕ್ಯಾಮೆರಾದ್ದು, ಒಂದರ ಮೇಲೊಂದು ಬಿದ್ದಾಗ ಹುಟ್ಟುವ ‘ಮ್ವಾರೆ’ (moiré) ಎಂಬ ವಿನ್ಯಾಸ ಅದು. ಫೋಟೋ ದೊಡ್ಡದು ಮಾಡಿ ನೋಡುವ ಅಭ್ಯಾಸವಿದ್ದರೆ ಸಾಕು.

ಎಐ ತಯಾರಿಸಿದ ಚಿತ್ರಗಳು ಇನ್ನೂ ವಿರಳ, ಬರುವುದಂತೂ ಖಚಿತ. ಫೋಟೋ ಎಲ್ಲಿ ಹುಟ್ಟಿತು, ಯಾರು ತಿದ್ದಿದರು ಎಂಬ ಸಹಿ ಹಾಕಿದ ದಾಖಲೆಯನ್ನು ಕಡತಕ್ಕೆ ಸೇರಿಸಲು 2021ರಲ್ಲಿ ಸಿ2ಪಿಎ ಒಕ್ಕೂಟ ಶುರುವಾಯಿತು. ದಾಖಲೆ ಇದ್ದರೆ ಓದುವ ಕೋಡ್ ಸೇರಿಸಿದ್ದೇವೆ. ಸ್ಕ್ರೀನ್‌ಶಾಟ್ ಹೊಡೆದರೆ ಅದೂ ಹೋಗುವುದರಿಂದ ಇದರ ಮೇಲೆ ಭಾರ ಹಾಕಿಲ್ಲ. ಚಿತ್ರ ಎಐ ತಯಾರಿಸಿದ್ದೇ ಎಂದು ತಿಳಿಯಲು, ಫಲಕದ ಮೇಲಿನ ಅಕ್ಷರಗಳು ಅರ್ಥವಾಗುವಂತಿವೆಯೇ ಎಂದು ಓದಿ ನೋಡುವುದು ಸದ್ಯಕ್ಕೆ ನಾವು ಹೇಳಿಕೊಡುತ್ತಿರುವ ಉಪಾಯ.

ಇಷ್ಟೆಲ್ಲ ನೋಡಿ ಸಂಶಯ ಬಂದಮೇಲೆ ಕಳಿಸಿದವರಿಗೆ ಏನು ಬರೆಯುವುದು ಎಂಬುದಕ್ಕೆ ನಾನು ಅತಿ ಹೆಚ್ಚು ಹೊತ್ತು ಕೊಟ್ಟಿದ್ದೇನೆ. ಈಗ ಹೋಗುವ ಸಂದೇಶ ಹೀಗಿದೆ: “ಈ ಸ್ಥಳ ಸೇರಿಸಿದ್ದಕ್ಕೆ ಧನ್ಯವಾದ. ಇದೇ ಫೋಟೋ ಬೇರೆಡೆಯೂ ನಮಗೆ ಕಂಡಿದೆ. ನೀವೇ ತೆಗೆದದ್ದಾದರೆ ಮೂಲ ಕಡತವನ್ನೋ, ಅದೇ ಹೊತ್ತಿನಲ್ಲಿ ತೆಗೆದ ಇನ್ನೊಂದು ಫೋಟೋವನ್ನೋ ದಯವಿಟ್ಟು ಕಳಿಸಿ. ಅಲ್ಲದಿದ್ದರೆ ಮುಂದೆ ಅತ್ತ ಹೋದಾಗ ಹೊಸದೊಂದು ತೆಗೆದು ಕಳಿಸಿದರಾಯಿತು, ಸ್ಥಳ ನಕಾಶೆಯಲ್ಲೇ ಇರುತ್ತದೆ.” ಕಳ್ಳತನ ಎಂಬ ಮಾತು ಇದರಲ್ಲಿ ಬರಬಾರದೆಂದು ಹಟ ಹಿಡಿದೆ. ಕಾಮನ್ಸ್‌ಗೆ ಫೋಟೋ ಹಾಕಿದವರು ನಮಗೂ ಅದನ್ನೇ ಕಳಿಸಿರಬಹುದಲ್ಲ? ತಮ್ಮದೇ ಫೋಟೋವನ್ನು ಕದ್ದದ್ದು ಎಂದರೆ ಅವರು ಮತ್ತೆ ಇತ್ತ ತಲೆಹಾಕುವುದಿಲ್ಲ.

ಫೋಟೋ ನಿಜವಾಗಿ ತೆಗೆದವರ ಕಡೆಯನ್ನೂ ಮರೆಯುವ ಹಾಗಿಲ್ಲ. ಬೆಳಗಿನ ಬೆಳಕಿಗಾಗಿ ಕಾದು ತೆಗೆದವರ ಹೆಸರು ಇನ್ಯಾರದೋ ಖಾತೆಯಲ್ಲಿ ಮುಚ್ಚಿಹೋಗುವುದು ನನಗೆ ಸಂಕಟ ತರುತ್ತದೆ. ಕಾಮನ್ಸ್‌ನ ಸಿಸಿ ಬೈ, ಸಿಸಿ ಬೈ-ಎಸ್ಎ ಎಂಬ ಮುಕ್ತ ಪರವಾನಗಿಗಳ ಫೋಟೋ ಬಳಸಲು ಅಡ್ಡಿಯಿಲ್ಲ, ತೆಗೆದವರ ಹೆಸರು ಮತ್ತು ಪರವಾನಗಿ ಕಾಣಿಸಬೇಕು. ಅದಕ್ಕಾಗಿ ‘ಈ ಫೋಟೋ ನನ್ನದಲ್ಲ, ಇಲ್ಲಿಂದ ತಂದದ್ದು’ ಎಂಬ ಆಯ್ಕೆಯನ್ನು ಸೇರಿಸುತ್ತಿದ್ದೇವೆ. ಪ್ರಾಮಾಣಿಕವಾಗಿ ಹೇಳಲು ದಾರಿ ಇಟ್ಟರೆ ಹೇಳುವವರು ಇದ್ದೇ ಇರುತ್ತಾರೆ. ಸ್ಟ್ರೀಟ್ ವ್ಯೂ ಸ್ಕ್ರೀನ್‌ಶಾಟ್‌ಗೆ ಈ ದಾರಿ ಇಲ್ಲ. ಅದನ್ನು ಹೋಲಿಸಿ ನೋಡಲು ಮಾತ್ರ ಬಳಸುತ್ತೇವೆ, ನಕಾಶೆಗೆ ಹಾಕುವುದಿಲ್ಲ.

ಮುಂದಿನ ಕಂತಿನೊಳಗೆ ಆಗಬೇಕಾದದ್ದು: ಅಂಚು ಕತ್ತರಿಸಿದ ಫೋಟೋಗಳನ್ನು ಹಿಡಿಯಲು ಚಿತ್ರದ ಬಿಡಿ ಬಿಂದುಗಳನ್ನು ಹೋಲಿಸುವ ಓಆರ್‌ಬಿ ವಿಧಾನದ ಪರೀಕ್ಷೆ, ಹೊಸ ಆಯ್ಕೆಯ ಜೊತೆ ಪರವಾನಗಿಯ ಹೆಸರು ತಾನಾಗಿ ತುಂಬುವಂತೆ ಮಾಡುವುದು, ಮತ್ತು ಹಳೆಯ ಫೋಟೋಗಳೆಲ್ಲಕ್ಕೂ ಬೆರಳಚ್ಚು ತೆಗೆಯುವುದು. ಕೊನೆಯದು ರಾತ್ರಿಯಿಡೀ ಓಡುವ ಕೆಲಸ. ಅದು ಎತ್ತಿ ತೋರಿಸಿದ ಜೋಡಿಗಳನ್ನು ಕಣ್ಣಿಂದ ನೋಡಲು ಇನ್ನಷ್ಟು ಸ್ವಯಂಸೇವಕರು ಬೇಕು. ಕೈಪಿಡಿ ಓದಿ ಬಂದರೆ ಸಾಕು, ತಾಂತ್ರಿಕ ಹಿನ್ನೆಲೆ ಬೇಕಿಲ್ಲ.